ಅಕ್ಕನ ಪಾಲಿನ ಹಾಲು

ಕಿರಾಣಿ ಅಂಗಡಿಯಲ್ಲಿ ಕೊಬ್ಬರಿ ಬಟ್ಟಲುಗಳ ರಾಶಿ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಒಂದನ್ನು ಎತ್ತಿ, ಬೋರಲು ಮಾಡಿ, ಅದರ ನೆತ್ತಿಯ ಮೇಲೆ ಹೆಬ್ಬೆರಳಾಡಿಸಿ, ತೂತು ಎಲ್ಲಿ ಕೊರೆದರೆ ಸರಿಯಾದೀತು ಎಂದು ನೋಡತೊಡಗುತ್ತದೆ. ನಾನೋ ವಿದ್ಯಾನಗರದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವವನು. ಮುಂದಲೆಯ ಕೂದಲು ಹೋಗಿ ಸಾಕಷ್ಟು ಕಾಲವಾಗಿದೆ. ಹೋದ ಶ್ರಾವಣದಲ್ಲಿ ನಮ್ಮ ಅಮರಗೋಳದ ಅಂಗಡಿಯವರು ನನ್ನ ಹೆಬ್ಬೆರಳನ್ನೇ ನೋಡುತ್ತ, "ಸರ, ಅಡಗಿಗೆ ಬೇಕೇನ್ರಿ, ಆಟಕ್ಕ ಬೇಕೇನ್ರಿ?" ಎಂದು ಕೇಳಿದರು. "ಪೂಜಾಕ್ಕರಿ," ಎಂದು ಗಂಭೀರವಾಗಿ ಹೇಳಿ, ಚೆನ್ನಾಗಿ ತಿರುಗುವಂಥದ್ದನ್ನೇ ಆರಿಸಿಕೊಂಡೆ.

ನಮ್ಮ ಕಡೆಯವರಲ್ಲದವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾಗರ ಪಂಚಮಿ ಬಂದರೆ ಹುಬ್ಬಳ್ಳಿ-ಧಾರವಾಡದ ಮಕ್ಕಳ ಕೈಗೆ ಒಂದೊಂದು ಕೊಬ್ಬರಿ ಬಟ್ಟಲು ಬರುತ್ತದೆ. ಅದರ ನೆತ್ತಿಗೆ ಎರಡು ತೂತು ಕೊರೆದು, ದಾರ ಪೋಣಿಸಿ, ಹುರಿಗೊಳಿಸಿ ಎಳೆದರೆ ಗುಂಯ್ ಎಂದು ತಿರುಗುತ್ತದೆ. ಆಡುತ್ತ ಆಡುತ್ತ ಅಂಚನ್ನು ಕಡಿಯುವುದೂ ಆಟದ ಒಂದು ಭಾಗವೇ. ನನ್ನದು ಮಧ್ಯಾಹ್ನದ ಹೊತ್ತಿಗೆ ಹೊಟ್ಟೆ ಸೇರಿ ಬರೀ ದಾರ ಉಳಿದಿರುತ್ತಿತ್ತು. ಅಕ್ಕ ಸುನಂದಾಳದು ಮರುದಿನವೂ ಗುಂಯ್ ಎನ್ನುತ್ತಿತ್ತು. ನಾನು ಅದರತ್ತ ಆಸೆಯಿಂದ ನೋಡಿದರೆ, "ತಿಂದಾಂವಗ ತಿರುಗಸಾಕ ಏನೈತಿ?" ಎಂದು ಕೇಳಿ, ಕೊನೆಗೆ ಅವಳೇ ಅರ್ಧ ಮುರಿದು ಕೊಡುತ್ತಿದ್ದಳು. ಅಲ್ಲಿಗೆ ಅವಳ ಆಟವೂ ಮುಗಿಯುತ್ತಿತ್ತು. ಈಗ ಯೋಚಿಸಿದರೆ ಅಕ್ಕ ಮುಂದೆ ಏನಾಗುತ್ತಾಳೆ ಎನ್ನುವುದು ಆಗಲೇ ಗೊತ್ತಾಗಬೇಕಿತ್ತು, ನಾನು ಏನಾಗುತ್ತೇನೆ ಎನ್ನುವುದೂ ಸಹ.

ಅಕ್ಕ ಸೈನ್ಯದಲ್ಲಿ ನರ್ಸ್ ಅಧಿಕಾರಿ. ಭುಜದ ಮೇಲೆ ನಕ್ಷತ್ರಗಳಿವೆ, ಎದುರು ಬಂದ ಸೈನಿಕರು ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆಯುತ್ತಾರೆ. ನರ್ಸಿಂಗ್ ಓದುವಾಗ ಅವಳು ಮೊದಲು ಸೂಜಿ ಚುಚ್ಚಿದ್ದು ಬದನೆಕಾಯಿಗೆ. ಎರಡನೆಯದು ನನಗೆ ಎಂದು ನಿರ್ಧರಿಸಿದ್ದಳು. ಅವಳು ತೋಳು ಹಿಡಿದದ್ದೇ ತಡ, ನಾನು ಅಡುಗೆಮನೆಯ ಗೋಡೆಗೆ ಒರಗಿ ಜಾರಿ ಕುಳಿತೆನಂತೆ. ಅವ್ವ ಬಂದು ನನ್ನ ಮುಖಕ್ಕೆ ನೀರು ಚಿಮುಕಿಸಿ, ಆ ಚುಚ್ಚಿಸಿಕೊಂಡ ಬದನೆಕಾಯಿಗಳಿಂದಲೇ ಎಣ್ಣೆಗಾಯಿ ಮಾಡಿದಳು. "ನೋಡು, ಮಸಾಲಿ ಎಷ್ಟ ಒಳಗ ಇಳದೈತಿ," ಎಂದು ಅಕ್ಕ ಬಡಿಸುತ್ತ ಹೇಳಿದ್ದು ನೆನಪಿದೆ. ರುಚಿ ಮಾತ್ರ ಖರೇ ಚೆನ್ನಾಗಿತ್ತು.

ಮಗಳು ಸೈನ್ಯಕ್ಕೆ ಹೋಗುತ್ತೇನೆಂದಾಗ ಅವ್ವ ಮೂರು ಹೊತ್ತು ಉಣ್ಣಲಿಲ್ಲ. ನಾಲ್ಕನೆಯ ಹೊತ್ತಿಗೆ ಅಪ್ಪ ತಟ್ಟೆ ಹಿಡಿದು ಎದುರು ಕುಳಿತ. ಅಮರಗೋಳದ ಮಾರ್ಕೆಟ್ ಯಾರ್ಡಿನಲ್ಲಿ ಶೇಂಗಾ, ಮೆಣಸಿನಕಾಯಿಯ ವ್ಯವಹಾರ ಮಾಡುತ್ತಿದ್ದ ಅಪ್ಪನಿಗೆ ದಲಾಲಿ ಮಾತು ಚೆನ್ನಾಗಿ ಬರುತ್ತಿತ್ತು. "ನೋಡು, ಒಂದಿಲ್ಲೊಂದ ದಿನ ಮಗಳನ್ನ ಯಾರ ಮನಿಗರ ಕೊಡಬೇಕಲ್ಲ. ಸೈನ್ಯಕ್ಕ ಕೊಟ್ಟೇವಿ ಅಂತ ತಿಳ್ಕೊ," ಎಂದ. ಅವ್ವ ಆ ಮಾತನ್ನು ಹಾಗೆಯೇ ಹಿಡಿದುಕೊಂಡುಬಿಟ್ಟಳು. ಮದುವೆಯ ಮಾತೆತ್ತಿದಾಗಲೆಲ್ಲ ಅಕ್ಕ ಇನ್ನೂ ದೂರದ ಊರಿಗೆ ವರ್ಗ ಮಾಡಿಸಿಕೊಳ್ಳತೊಡಗಿದ ಮೇಲಂತೂ ಸೈನ್ಯವೇ ಅಕ್ಕನ ಗಂಡನ ಮನೆ ಎಂಬುದು ನಮ್ಮ ಮನೆಯಲ್ಲಿ ಖಾಯಂ ಆಯಿತು. ನೆರೆಯವರು ಕೇಳಿದರೆ, "ನಮ್ಮಾಕಿ ಮಂದಿ ಛಲೋ ಅದಾರ, ಆದ್ರ ರಜಾ ಕೊಡೂದಿಲ್ಲ," ಎನ್ನುತ್ತಿದ್ದಳು ಅವ್ವ, ಬೀಗರ ಬಗ್ಗೆ ಹೇಳುವ ದನಿಯಲ್ಲೇ.

ಇದರ ಪರಿಣಾಮ ಬಂದು ಬಿದ್ದದ್ದು ನನ್ನ ಮೇಲೆ. ಪಂಚಮಿಗೆ ಕೊಟ್ಟ ಮನೆಯಿಂದ ಮಗಳು ತಾನಾಗಿಯೇ ತವರಿಗೆ ಬರುವಂತಿಲ್ಲ. ಅಣ್ಣನೋ ತಮ್ಮನೋ ಹೋಗಿ ಕರೆದುಕೊಂಡು ಬರಬೇಕು. ಅಷ್ಟು ದೂರದ ಸೈನ್ಯದ ಆಸ್ಪತ್ರೆಗೆ ಹೋಗಿ ಕರೆತರಲು ನನ್ನಿಂದಾಗದು ಎಂದು ಒಪ್ಪಂದವಾಗಿ, ಹುಬ್ಬಳ್ಳಿಯ ರೈಲ್ವೆ ಸ್ಟೇಷನ್ನಿಗೆ ಹೋದರೂ ನಡೆಯುತ್ತದೆ ಎಂದು ಅವ್ವ ರಿಯಾಯಿತಿ ಕೊಟ್ಟಳು. ಪ್ರತಿ ವರ್ಷ ಪಂಚಮಿಯ ಮುಂಚೆ, ಬೆಳಗಿನ ಜಿಟಿಜಿಟಿ ಮಳೆಯಲ್ಲಿ ನಾನು ಸ್ಕೂಟರ್ ಹೊರಡಿಸುತ್ತಿದ್ದೆ. ಅದು ಉಣಕಲ್ ಕೆರೆಯ ಹತ್ತಿರ ಒಮ್ಮೆ ನಿಲ್ಲುತ್ತಿತ್ತು. ನಾನು ಹೋಗುವಷ್ಟರಲ್ಲಿ ರೈಲು ಬಂದು ಎಷ್ಟೋ ಹೊತ್ತಾಗಿರುತ್ತಿತ್ತು. ಅಕ್ಕ ತನ್ನ ಕಪ್ಪು ಟ್ರಂಕಿನ ಮೇಲೆ ಕುಳಿತು ಚಹಾ ಕುಡಿಯುತ್ತಿರುತ್ತಿದ್ದಳು. ಆಟೋ ಹಿಡಿದು ಬಂದಿದ್ದರೆ ಅಷ್ಟೊತ್ತಿಗೆ ಮನೆಯಲ್ಲಿ ಸ್ನಾನ ಮುಗಿಸಿರಬಹುದಿತ್ತು. ಹಾಗೆ ಬಂದವಳೇ ಅಲ್ಲ.

"ಕರಿಯಾಕ ಬರೂದು ಇಷ್ಟೊತ್ತಿಗೇನೋ ಬಸೂ? ತಿರಗಿ ಹೋಗೂವಾಕಿ ಇದ್ದೆ ನಾ."

"ಸ್ಕೂಟರ್ ನಿಂತಿತ್ತ ಅಕ್ಕ."

"ಹೋದ ವರ್ಷನೂ ನಿಂತಿತ್ತು. ನೀನೂ ಸ್ಕೂಟರೂ ಇಬ್ಬರೂ ಅಂಜುಬುರಕರ. ಟ್ರಂಕ್ ಎತ್ತು."

ಟ್ರಂಕ್ ನನ್ನ ಕೈಯಲ್ಲಿ ಎತ್ತಲಾಗದೆ ಕೊನೆಗೆ ಅವಳೇ ಎತ್ತುತ್ತಿದ್ದಳು. ಮನೆಯ ಬಾಗಿಲಲ್ಲಿ ಅವ್ವ ರೊಟ್ಟಿಯ ತುಣುಕು ನಿವಾಳಿಸಿ ಎಸೆದು, ಕಾಲಿಗೆ ನೀರು ಹಾಕಿ ಒಳಗೆ ಕರೆದುಕೊಳ್ಳುತ್ತಿದ್ದಳು. ಕರೆಯಲು ಹೋಗಿದ್ದ ನನ್ನ ಕಾಲಿಗೆ ಯಾರೂ ನೀರು ಹಾಕುತ್ತಿರಲಿಲ್ಲ.

ಇನ್ನು ಹಾಲೆರೆಯುವ ವಿಷಯ. ಒಂದೊಂದು ಮನೆಯಲ್ಲಿ ಒಂದೊಂದು ಪದ್ಧತಿ ಇರುತ್ತದೆ, ನಮ್ಮದನ್ನು ಹೇಳುತ್ತೇನೆ. ಮಣ್ಣಿನ ನಾಗಪ್ಪನನ್ನು ತಟ್ಟೆಯಲ್ಲಿಟ್ಟು, ಹಸಿ ಹಾಲಿಗೆ ಬೆಲ್ಲ ಹಾಕಿ, ಕೊಬ್ಬರಿ ಬಟ್ಟಲಿನಿಂದ ಎರೆಯುತ್ತೇವೆ. ಮೊದಲು "ದೇವರ ಪಾಲು", ಆಮೇಲೆ "ಗುರುವಿನ ಪಾಲು". ನಂತರ ಒಬ್ಬೊಬ್ಬರೂ ಮುಂದೆ ಬಂದು ತಮ್ಮ ತಮ್ಮ ಪಾಲು ಎಂದು ಹೇಳಿ ತಾವೇ ಎರೆಯಬೇಕು. ಚಿಕ್ಕವರಿದ್ದಾಗ ಅಕ್ಕ ಇದನ್ನು ಬಹಳ ಬೆಳೆಸಿದ್ದಳು. ಎಮ್ಮೆಯ ಪಾಲು, ಓಣಿಯ ಕುಂಟ ನಾಯಿಯ ಪಾಲು, ಜ್ವರ ಬಂದು ಮಲಗಿದ ಗೆಳತಿಯ ಪಾಲು ಎಂದು ಎರೆಯುತ್ತ ಹೋದರೆ, ಹಾಲು ಮುಗಿದು ನನ್ನ ಪಾಲಿಗೆ ಬರೀ ತಳದ ಬೆಲ್ಲ ಉಳಿಯುತ್ತಿತ್ತು. ನಾನು ಅದನ್ನು ನಾಗಪ್ಪನಿಗೆ ಕೊಡದೆ ನೆಕ್ಕಿಬಿಡುತ್ತಿದ್ದೆ.

ಮನೆಯಲ್ಲಿ ಇದ್ದವರ ಪಾಲು ಅವರೇ ಎರೆಯಬೇಕು, ಇಲ್ಲದವರ ಪಾಲು ಮಾತ್ರ ಬೇರೆಯವರು ಎರೆಯಬೇಕು. ಅಪ್ಪ ತೀರಿಹೋದ ಮೇಲೆ ಆ "ಇಲ್ಲದವರು" ಎಂಬ ಮಾತಿಗೆ ನಮ್ಮ ಮನೆಯಲ್ಲಿ ಒಂದೇ ಅರ್ಥ ಉಳಿಯಿತು. ಎಲ್ಲರದೂ ಮುಗಿದ ಮೇಲೆ ಅವ್ವ ಸೆರಗು ಸರಿಮಾಡಿಕೊಂಡು, ಮೆಲ್ಲನೆ "ಅವರ ಪಾಲು" ಎಂದು ಎರೆಯುತ್ತಿದ್ದಳು. ಆ ಹೊತ್ತಿನಲ್ಲಿ ನಾನೂ ಅಕ್ಕನೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಹೋದ ಪಂಚಮಿಗಿಂತ ಹಿಂದಿನ ಪಂಚಮಿ ಮುಗಿಸಿಕೊಂಡು ಹೊರಟ ಅಕ್ಕ, ಆಫ್ರಿಕಾದ ದಕ್ಷಿಣ ಸುಡಾನಿಗೆ ಹೋದಳು. ಅಲ್ಲಿ ವಿಶ್ವಸಂಸ್ಥೆಯ ಶಾಂತಿ ಕಾಯುವ ಪಡೆಯ ಜೊತೆಗೆ ನಮ್ಮ ಸೈನ್ಯದ ಆಸ್ಪತ್ರೆಯೂ ಒಂದಿದೆ. ನೀಲಿ ಟೊಪ್ಪಿಗೆ ಹಾಕಿಕೊಂಡು ಫೋಟೋ ಕಳಿಸಿದಳು. ಅವ್ವ ಅದನ್ನು ಬಹಳ ಹೊತ್ತು ನೋಡಿ, "ಬಣ್ಣ ಒಪ್ಪತೈತಿ," ಎಂದಳು. ಅಷ್ಟೇ. ಆದರೆ ಅಂದಿನಿಂದ ಟಿವಿಯಲ್ಲಿ ಯಾವ ದೇಶದ ಗುಂಡಿನ ಸದ್ದು ಕೇಳಿದರೂ, "ಇದು ನಮ್ಮ ಸುನಂದಾನ ಊರ ಅಲ್ಲ ಹೌದಿಲ್ಲೋ?" ಎಂದು ನನ್ನನ್ನು ಕೇಳುವುದು ಶುರುವಾಯಿತು. ಭೂಗೋಳದಲ್ಲಿ ನಾನು ಮೊದಲಿನಿಂದಲೂ ಕಚ್ಚಾ. ಆದರೂ ಪ್ರತಿ ಸಲ "ಅಲ್ಲವ್ವಾ, ಅದು ಭಾಳ ದೂರ ಐತಿ," ಎಂದು ಧೈರ್ಯದಿಂದ ಹೇಳಿಬಿಡುತ್ತಿದ್ದೆ.

ಅವಳಿಲ್ಲದೆ ದಸರೆ ಬಂತು. ಬನ್ನಿ ಕೊಡಲು ಫೋನಿನ ಮುಂದೆ ಎಲೆ ಹಿಡಿದೆ. "ಬಂಗಾರದಂಗ ಇರೂಣು," ಎಂದು ಅಕ್ಕ ಆ ಕಡೆಯಿಂದ ಕೈ ಚಾಚಿದಳು. ಅವ್ವ ಆ ಎಲೆಗಳನ್ನು ಎತ್ತಿಟ್ಟಳು, ಒಣಗಿ ಪುಡಿಯಾದವು. ದೀಪಾವಳಿಗೆ ಎಣ್ಣೆ ಹಚ್ಚುವಾಗ, ಸಂಕ್ರಮಣದಲ್ಲಿ ಎಳ್ಳು-ಬೆಲ್ಲ ಹಂಚುವಾಗ ಅವ್ವ ಅದೇ ಒಂದು ಮಾತು ಹೇಳಿದಳು: "ಇರ್ಲಿ, ಪಂಚಮಿಗಂತೂ ಬರ್ತಾಳಲ್ಲ." ಹಬ್ಬಗಳು ಒಂದೊಂದಾಗಿ ಹೋಗುತ್ತಿದ್ದುದನ್ನು ಅವಳು ಹಾಗೆಯೇ ಸಹಿಸಿಕೊಂಡಳು.

ಪಂಚಮಿಗೆ ಇನ್ನೂ ಒಂದು ವಾರ ಇರುವಾಗ ಅಕ್ಕ ನನಗೆ ಕಾಲೇಜಿಗೇ ಫೋನ್ ಮಾಡಿದಳು. ಅವರ ಜಾಗಕ್ಕೆ ಬರಬೇಕಾದ ಮುಂದಿನ ತಂಡ ತಡವಾಗುತ್ತದೆ, ಅಲ್ಲಿಯವರೆಗೆ ಯಾರೂ ಬಿಟ್ಟು ಬರುವಂತಿಲ್ಲ ಎಂದಳು.

"ಅವ್ವಗ ನೀ ಹೇಳು ಬಸೂ. ನನಗ ಹೇಳಾಕ ಆಗೂದಿಲ್ಲ."

ಸೂಜಿ ಕಂಡರೆ ಕುಸಿಯುವವನಿಗೆ ಕೊಡುವ ಕೆಲಸವೇ ಇದು? ಆದರೂ "ಹೇಳ್ತೇನಿ" ಎಂದೆ.

ಅಂದು ಸಂಜೆ ಹೇಳಬೇಕೆಂದೇ ಮನೆಗೆ ಹೋದೆ. ಅವ್ವ ಶೇಂಗಾ ಹುರಿಯುತ್ತಿದ್ದಳು. ಹುರಿಯುವಾಗ ಹೇಳಿದರೆ ಸೀದು ಹೋಗುತ್ತದೆ ಎಂದು ಬಿಟ್ಟೆ. ಮರುದಿನ ಬೆಲ್ಲದ ಪಾಕ ಒಲೆಯ ಮೇಲಿತ್ತು. ಪಾಕದ ಹದ ತಪ್ಪಿದರೆ ಉಂಡಿಗಳು ಕಲ್ಲಾಗುತ್ತವೆ ಎಂದು ಮತ್ತೆ ಬಿಟ್ಟೆ. ಅದರ ಮರುದಿನ ಉಂಡಿ ಕಟ್ಟುತ್ತಿದ್ದಳು, ಜೊತೆಗೆ ನನ್ನ ಹೆಂಡತಿ ಗೀತಾಳೂ ಇದ್ದಳು. ಶೇಂಗಾ ಉಂಡಿ, ಎಳ್ಳುಂಡಿ, ಬೇಸನ್ ಉಂಡಿ. ಎಳ್ಳುಂಡಿ ಅಕ್ಕನಿಗೆ ಪ್ರಾಣ. ಅವ್ವ ಅವನ್ನು ಬೇರೆ ಡಬ್ಬಿಯಲ್ಲಿ ತುಂಬಿ, ನನ್ನ ಕೈಗೆಟುಕದ ಎತ್ತರದಲ್ಲಿ ಇಟ್ಟಳು. ಡಬ್ಬಿ ಮೇಲೇರಿದ್ದು ನೋಡಿದ ಮೇಲಂತೂ ನನ್ನ ನಾಲಗೆ ಏಳಲೇ ಇಲ್ಲ. ರಾತ್ರಿ ಗೀತಾಳ ಮುಂದೆ ಬಾಯಿಬಿಟ್ಟೆ. "ನೀವು ಹೇಳೂದಿಲ್ಲ ಬಿಡ್ರಿ," ಎಂದು ಅವಳು ಹೊದಿಕೆ ಎಳೆದುಕೊಂಡಳು.

ರೊಟ್ಟಿ ಹಬ್ಬ ಬಂತು. ಪಂಚಮಿಯ ಮುನ್ನ ಓಣಿಯ ಮನೆಮನೆಗೂ ಕಡಕ್ ರೊಟ್ಟಿ, ಕಾಳುಪಲ್ಯ, ಚಟ್ನಿಪುಡಿ ಹಂಚುವ ದಿನ ಅದು. ತಟ್ಟೆಗಳನ್ನು ಹೊತ್ತು ತಿರುಗಿ ಬಂದು ಕುಳಿತಿದ್ದೆ. ಅವ್ವ ಕೇಳಿದಳು:

"ನಾಳೆ ಎಷ್ಟಕ್ಕ ಹೋಗ್ತಿ ಸ್ಟೇಷನ್ನಿಗೆ?"

ಅದೇ ಸರಿಯಾದ ಹೊತ್ತಾಗಿತ್ತು. ಒಲೆಯ ಮೇಲೆ ಏನೂ ಇರಲಿಲ್ಲ. ನಾನು ಬಾಯಿ ತೆರೆದೆ, "ಬೆಳಿಗ್ಗೆ ಲಗೂನ ಹೋಗ್ತೇನವ್ವಾ," ಎಂಬ ಮಾತು ಹೊರಬಂತು. ಗೀತಾ ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯುವುದಿಲ್ಲ.

ಮರುದಿನ ಬೆಳಿಗ್ಗೆ, ನಂಬಿದರೆ ನಂಬಿ, ನಾನು ಹೋದೆ. ಅಕ್ಕ ಇರುವುದು ಸಮುದ್ರದಾಚೆ, ನಾನು ಅವಳನ್ನು ಕರೆತರಲು ಹುಬ್ಬಳ್ಳಿ ಸ್ಟೇಷನ್ನಿಗೆ ಹೊರಟಿದ್ದೇನೆ. ಉಣಕಲ್ ಕೆರೆಯ ಹತ್ತಿರ ಈಗಿನ ಹೊಸ ಸ್ಕೂಟರ್ ನಿಲ್ಲಲಿಲ್ಲ. ನಿಂತಿದ್ದರೆ ಅಷ್ಟು ಹೊತ್ತಾದರೂ ಕಳೆಯುತ್ತಿತ್ತು. ಪ್ಲಾಟ್‌ಫಾರ್ಮಿನಲ್ಲಿ ಪಂಚಮಿಗೆ ಬಂದಿಳಿದ ಹೆಣ್ಣುಮಕ್ಕಳು, ಅವರ ಚೀಲ ಹಿಡಿದ ಅಣ್ಣತಮ್ಮಂದಿರು. ಒಬ್ಬಾಕೆ ತಮ್ಮನಿಗೆ ತಡವಾಯಿತೆಂದು ಗದರುತ್ತಿದ್ದಳು. ನಾನು ಪಕ್ಕದಲ್ಲೇ ನಿಂತು, ಗದರಿಸಿಕೊಳ್ಳುವವನ ಮುಖವನ್ನು ಹೊಟ್ಟೆಕಿಚ್ಚಿನಿಂದ ನೋಡಿದೆ. ಒಂದು ಚಹಾ ಕುಡಿದೆ. ಎಲ್ಲರೂ ಹೋದರು, ರೈಲೂ ಹೋಯಿತು. ಇಷ್ಟು ವಯಸ್ಸಾದ ಗಂಡಸು ಖಾಲಿ ಪ್ಲಾಟ್‌ಫಾರ್ಮಿನಲ್ಲಿ ಅಳುವುದು ಚೆನ್ನಾಗಿರುವುದಿಲ್ಲ ಎಂದು ಮುಖ ತೊಳೆದುಕೊಂಡು ಹೊರಟೆ.

ಮನೆಗೆ ಬಂದಾಗ ಅವ್ವ ಬಾಗಿಲಲ್ಲೇ ಇದ್ದಳು. ಕೈಯಲ್ಲಿ ನೀರಿನ ತಂಬಿಗೆ ಇತ್ತು.

"ಬರಲಿಲ್ಲವ್ವಾ," ಎಂದೆ. ಏನೋ ಅಕ್ಕ ರೈಲು ತಪ್ಪಿಸಿಕೊಂಡಂತೆ. ಆಮೇಲೆ ಉಳಿದದ್ದನ್ನೂ ಹೇಳಿದೆ. ಮುಂದಿನ ತಂಡ, ತಡ, ಅಕ್ಕನ ಫೋನು, ಶೇಂಗಾ, ಪಾಕ, ಎಲ್ಲ ಒಂದೇ ಉಸಿರಿಗೆ ಹೊರಬಂತು.

ಅವ್ವ ಸಾವಕಾಶವಾಗಿ ಕೇಳಿಸಿಕೊಂಡು, "ಗೊತ್ತೈತಿ," ಎಂದಳು. "ನಿನಗ ಹೇಳಿದ ಮರುದಿನಾನ ನನಗ ಫೋನ್ ಮಾಡಿದ್ಲು. ಬಸು ಹೇಳೂದಿಲ್ಲವ್ವಾ, ನಾನ ಹೇಳ್ತೇನಿ ಅಂದ್ಲು."

"ಮತ್ತ ನನ್ನ ಸ್ಟೇಷನ್ನಿಗೆ ಯಾಕ ಕಳಿಸಿದಿ?"

"ಕರಿಯಾಕಂತೂ ಹೋಗಬೇಕಲ್ಲಪಾ. ಬರೂದು ಬಿಡೂದು ಅಕಿ ಕೈಯಾಗ ಇಲ್ಲ. ಆದ್ರ ಪಂಚಮಿಗೆ ತವರಮನಿಯಿಂದ ಕರಿಯಾಕ ಯಾರೂ ಹೋಗಲಿಲ್ಲ ಅಂತ ಆಗಬಾರದು."

ಹೀಗೆಂದು ಆ ತಂಬಿಗೆಯ ನೀರನ್ನು ನನ್ನ ಕಾಲಿಗೆ ಹಾಕಿದಳು. ಜೀವನದಲ್ಲಿ ಮೊದಲ ಸಲ.

ಮರುದಿನ ಹಾಲೆರೆದೆವು. ದೇವರ ಪಾಲು, ಗುರುವಿನ ಪಾಲು ಆಯಿತು. ನಾನು ನನ್ನದು ಎರೆದೆ, ಗೀತಾ ತನ್ನದು ಎರೆದಳು, ಅವ್ವ ತನ್ನದು ಎರೆದಳು. ಇನ್ನು ಉಳಿದದ್ದು ಇಲ್ಲದವರದು. ಅವ್ವ ಸೆರಗು ಸರಿಮಾಡಿಕೊಂಡು "ಅವರ ಪಾಲು" ಎಂದು ಅಪ್ಪನ ಹೆಸರಿನಲ್ಲಿ ಎರೆದಳು. ಬಟ್ಟಲಿಗೆ ಮತ್ತೆ ಹಾಲು ತುಂಬಿಕೊಂಡಳು. ಅದನ್ನು ನಾಗಪ್ಪನ ಮೇಲೆ ಹಿಡಿದಳು. ಹಿಡಿದೇ ಇದ್ದಳು. ಅವಳ ಭಯ ಏನೆಂದು ನನಗೆ ಗೊತ್ತಿತ್ತು, ಅದು ನನ್ನ ಭಯವೂ ಆಗಿತ್ತು. ಇಷ್ಟು ವರ್ಷ ಅಪ್ಪನ ಹೆಸರಿನ ಹಿಂದೆ ನಾವು ಯಾರ ಹೆಸರನ್ನೂ ಹೇಳಿರಲಿಲ್ಲ.

"ಅತ್ತಿ, ನಾ ಹಾಕ್ಲೇನ್ರಿ?" ಎಂದು ಗೀತಾ ಮೆಲ್ಲನೆ ಕೇಳಿದಳು.

"ಬ್ಯಾಡ." ಅವ್ವ ಹಾಲನ್ನು ತಿರುಗಿ ಪಾತ್ರೆಗೆ ಸುರಿದು, ಮೇಲೆ ತಟ್ಟೆ ಮುಚ್ಚಿದಳು. "ಅಕಿ ಪಾಲು ಅಕಿನ ಬಂದು ಹಾಕ್ಕೋತಾಳ. ನಾ ಹಾಕೂದಿಲ್ಲ."

ಅಂದು ಮಧ್ಯಾಹ್ನ ಯಾರಿಗೂ ಊಟ ಸೇರಲಿಲ್ಲ. ಎಳ್ಳುಂಡಿಯ ಡಬ್ಬಿಯನ್ನು ಅವ್ವ ತಾನಾಗಿಯೇ ಇಳಿಸಿ ನನ್ನ ಮುಂದೆ ಇಟ್ಟಳು. ನನಗೂ ತಿನ್ನುವ ಮನಸ್ಸಾಗಲಿಲ್ಲ. ನನ್ನನ್ನು ಬಲ್ಲವರು ಇದನ್ನು ಸುಲಭವಾಗಿ ನಂಬಲಾರರು.

ನಾಲ್ಕರ ಸುಮಾರಿಗೆ ಅಕ್ಕನ ವಿಡಿಯೋ ಕಾಲ್ ಬಂತು. ಬಿಸಿಲಿಗೆ ಮುಖ ಕಪ್ಪಾಗಿತ್ತು, ಸಮವಸ್ತ್ರದ ತೋಳು ಮಡಚಿತ್ತು.

"ಅವ್ವಾ, ಹಾಲು ಹಾಕಿದ್ರಿಲ್ಲೋ? ನನ್ನ ಪಾಲು ಯಾರು ಹಾಕಿದ್ರು?"

ಅವ್ವ ಸುಳ್ಳು ಹೇಳುವವಳಲ್ಲ. "ಹಾಕಿಲ್ಲವಾ," ಎಂದಳು. "ನಿಮ್ಮಪ್ಪನ ಹೆಸರಿನ ಹಿಂದ ನಿನ್ನ ಹೆಸರು ತಗಿಯಾಕ ಬಾಯಿ ಬರಲಿಲ್ಲ."

ಅಕ್ಕ ಫೋನನ್ನು ತಿರುಗಿಸಿ ತೋರಿಸಿದಳು. ಕೆಂಪು ಮಣ್ಣಿನ ಬಯಲು, ಮುಳ್ಳುತಂತಿಯ ಬೇಲಿ. ಬೇಲಿಯ ಈಚೆಗೆ ಮನುಷ್ಯನ ಎತ್ತರವನ್ನೂ ಮೀರಿದ ಒಂದು ಹುತ್ತ. ಅಷ್ಟು ದೊಡ್ಡ ಹುತ್ತವನ್ನು ನಾವು ಯಾರೂ ಕಂಡಿರಲಿಲ್ಲ. ಅವ್ವ ಕುಳಿತಲ್ಲಿಯೇ ಕೈ ಮುಗಿದಳು.

"ಮುಂಜಾನೆ ಡ್ಯೂಟಿ ಮುಗಿಸಿ ಇದಕ್ಕ ಹಾಲು ಹಾಕಿದೆ. ಹಾಲಿನ ಪುಡಿ ಕಲಸಿದ್ದು, ಬೆಲ್ಲ ಇಲ್ಲ, ಸಕ್ಕರಿ ಹಾಕೇನಿ," ಎಂದಳು ಅಕ್ಕ. "ನಂದ ಒಂದ ಅಲ್ಲ. ಅವ್ವನ ಪಾಲು, ಬಸೂನ ಪಾಲು, ಗೀತಾನ ಪಾಲು, ಎಲ್ಲಾರದೂ ಹಾಕೇನಿ."

"ನಮ್ಮದು ನಾವು ಇಲ್ಲೆ ಹಾಕ್ಕೊಂಡೇವಲ್ಲ ಅಕ್ಕ," ಎಂದೆ ನಾನು. ಭೌತಶಾಸ್ತ್ರದವನು, ಎರಡೆರಡು ಸಲ ಆಯಿತಲ್ಲ ಎಂಬುದೇ ನನಗೆ ಹೊಳೆದದ್ದು.

"ಇಲ್ಲೆ ಇಲ್ಲದವರ ನೀವ ಅಲ್ಲೇನೋ ಬಸೂ? ನಿಮ್ಮ ಪಾಲು ನಾನ ಹಾಕಬೇಕಲ್ಲ."

ಇಷ್ಟು ತಿಂಗಳು ನಾವು ಹಬ್ಬಕ್ಕೊಮ್ಮೆ ಅಕ್ಕ ಇಲ್ಲ, ಅಕ್ಕ ಇಲ್ಲ ಎಂದು ಕೊರಗುತ್ತಿದ್ದೆವು. ಅಲ್ಲಿ ಆ ಹುತ್ತದ ಮುಂದೆ ನಿಂತವಳಿಗೆ ನಾವೆಲ್ಲರೂ ಇಲ್ಲದವರೇ ಎನ್ನುವುದು ನನ್ನ ತಲೆಗೆ ಒಮ್ಮೆಯೂ ಬಂದಿರಲಿಲ್ಲ. ಫೋನನ್ನು ಅವ್ವನ ಕೈಗೆ ಕೊಟ್ಟುಬಿಟ್ಟೆ.

ಅಕ್ಕ ಹೇಳುತ್ತಿದ್ದಳು: "ಇಲ್ಲೆ ನಮ್ಮ ದವಾಖಾನ್ಯಾಗ ಕಸಾ ಹೊಡಿಯಾಕ ಬರೂ ಒಬ್ಬ ಅಮ್ಮ ಅದಾಳ, ಇದ ಊರಾಕಿ. ಏನ ಮಾಡಾಕತ್ತಿ ಅಂತ ಕೇಳಿದ್ಲು. ನಮ್ಮ ಮನಿಯವ್ರು ದೂರ ಅದಾರ, ಅವರ ಪಾಲಿನ ಹಾಲು ಹಾಕಾಕತ್ತೇನಿ ಅಂದೆ. ಅಕಿ ತಾನೂ ಒಂದ ಬೊಗಸಿ ಇಸ್ಕೊಂಡ ಹಾಕಿದ್ಲು. ಅಕಿ ಮಗಾ ಯುದ್ಧದಾಗ ಯಾ ಕಡೆ ಹೋಗ್ಯಾನ ಅನ್ನೂದ ಗೊತ್ತಿಲ್ಲಂತ. ಆಮ್ಯಾಲೆ ನನ್ನ ಮಾರಿ ನೋಡಿ, ನಿಮ್ಮವರು ಯಾವಾಗ ಬರ್ತಾರ ಅಂತ ಕೇಳಿದ್ಲು."

ಅವ್ವ ಫೋನನ್ನು ಗೀತಾಳಿಗೆ ಹಿಡಿಯಲು ಕೊಟ್ಟು ಎದ್ದಳು. ಪಾತ್ರೆಯ ಮೇಲಿನ ತಟ್ಟೆ ತೆಗೆದು, ಬಟ್ಟಲಿನಲ್ಲಿ ಹಾಲು ತುಂಬಿಕೊಂಡು, ಓಣಿಗೆ ಕೇಳುವಷ್ಟು ಗಟ್ಟಿಯಾಗಿ "ಸುನಂದಾನ ಪಾಲು" ಎಂದು ಎರೆದಳು. ಆಮೇಲೆ ಇನ್ನೊಂದು ಬಟ್ಟಲು ತುಂಬಿ, ಹೆಸರು ಗೊತ್ತಿಲ್ಲದ್ದರಿಂದ "ಆ ಅಮ್ಮನ ಮಗನ ಪಾಲು" ಎಂದಳು. ಕೈ ಒರೆಸಿಕೊಂಡು ಬಂದು ಮತ್ತೆ ಫೋನಿನ ಮುಂದೆ ಕುಳಿತಳು.

"ಅಕಿ ಯಾವಾಗ ಬರ್ತಾರ ಅಂತ ಕೇಳಿದ್ದಕ್ಕ ನೀ ಏನ ಅಂದಿ?"

"ಏನ ಹೇಳಬೇಕು ತಿಳೀಲಿಲ್ಲವ್ವಾ. ಸುಮ್ಮನ ನಿಂತೆ."

"ಹಂಗ ಸುಮ್ಮನ ನಿಂದರಬಾರದವಾ," ಎಂದಳು ಅವ್ವ. "ನಾಳೆ ಭೆಟ್ಟಿ ಆದ್ರ ಹೇಳು, ನಿನ್ನ ಮಗನೂ ಬರ್ತಾನ, ನಮ್ಮವರೂ ಲಗೂನ ಬರ್ತಾರ ಅಂತ."